ಕಣಜವೋ, ನಾವೆಯೋ?

ಇಬ್ರಿಯರಿಗೆ 11ನೇ ಅಧ್ಯಾಯ, 7ನೇ ವಚನ ತೆಗೆಯಿರಿ.

2024ರ ಆಗಸ್ಟ್ 10, ಶನಿವಾರ ರಾತ್ರಿ ನಿಮಗೆ ನೆನಪಿದೆ. ನಮ್ಮ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇದರ ಚೈನ್ ತುಂಡಾಗಿ, ಗೇಟೇ ಕೊಚ್ಚಿಕೊಂಡು ಹೋಯಿತು. ಡ್ಯಾಮ್ ತುಂಬಿತ್ತು. ಒತ್ತಡ ಇಳಿಸೋಕೆ ಬೇರೆ ಗೇಟುಗಳನ್ನೂ ತೆರೆದರು. ಹೊಳೆ ದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು.

ನಾನು ಅವತ್ತು ಬಂಡ್ರಿಯಲ್ಲಿ, ನಮ್ಮ ಮನೆಯಲ್ಲಿದ್ದೆ. ಬಂಡ್ರಿಗೆ ಹೊಳೆ ಇಲ್ಲ, ಭಯವೂ ಇಲ್ಲ. ಆದರೆ ನಮ್ಮಕ್ಕನ ಮನೆ ಕಂಪ್ಲಿಯಲ್ಲಿ. ಬೆಳಗಿನ ಜಾವ ಫೋನ್ ಬಂತು. "ತಮ್ಮಾ, ನಾವು ಅಲ್ಲಿಗೇ ಬರ್ತೀವಿ. ಏನೇನ್ ತಗೊಳ್ಲಿ?" ನಾನು ಹೇಳಿದ್ದೇನು ಗೊತ್ತಾ? "ಪ್ರಾರ್ಥನೆ ಮಾಡಕ್ಕಾ, ಏನೂ ಆಗಲ್ಲ." ಅದು ವಿಶ್ವಾಸದ ಮಾತಲ್ಲ ಪ್ರಿಯರೇ, ನಿದ್ದೆಗಣ್ಣಿನ ಮಾತು.

ಅಕ್ಕ ಬಂದಳು. ಬ್ಯಾಗಿನಲ್ಲಿ ಬಂಗಾರ ಇತ್ತು, ಹೊಲದ ಪತ್ರ ಇತ್ತು. ಅವಳ ಅತ್ತೆಯ ಶುಗರ್ ಮಾತ್ರೆ ಇರಲಿಲ್ಲ. ಮಾತ್ರೆ ಹುಡುಕಿ ತಂದು ಕೂತಾಗ ಅವ್ವ ಕೇಳಿದಳು, "ಪಕ್ಕದ ಮನೆ ಅಜ್ಜಿಗೆ ಹೇಳಿ ಬಂದಿ ಏನವ್ವಾ?" ಒಂಟಿ ಅಜ್ಜಿ, ಫೋನ್ ಇಲ್ಲ. ಅಕ್ಕ ಸುಮ್ಮನಾದಳು. ನಾನೂ ಸುಮ್ಮನಾದೆ. ದೇವರ ಕೃಪೆ, ಆ ಬೀದಿಗೆ ನೀರು ಬರಲಿಲ್ಲ. ಸುಮಾರು ಒಂದು ವಾರದಲ್ಲಿ ಡ್ಯಾಮಿಗೆ ಸ್ಟಾಪ್‌ಲಾಗ್ ಕೂರಿಸಿದರು. ಅವ್ವನ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿದುಬಿಟ್ಟಿತು.

ಕೆಲವು ಯೌವನಸ್ಥರು ಕೇಳ್ತಾರೆ, "ಪಾಸ್ಟರ್, ಮೊದಲೇ ಬ್ಯಾಗ್ ಕಟ್ಟಿಡೋದು ಅವಿಶ್ವಾಸ ಅಲ್ವಾ?" ಅಲ್ಲ. ನೋಹನು ನಾವೆ ಕಟ್ಟಿದ್ದು ವಿಶ್ವಾಸದಿಂದಲೇ ಎಂದು ಈ ವಚನ ಸಾಕ್ಷಿ ಕೊಡುತ್ತದೆ. ಇನ್ನೂ ಮೋಡ ಕಾಣದಿದ್ದಾಗ ಅವನು ಸುತ್ತಿಗೆ ಹಿಡಿದ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಹೇಳಿದವನು ಯಾರು? ಸೈತಾನ. ಯೇಸು ಧುಮುಕಲಿಲ್ಲ. ದೇವರನ್ನು ನಂಬುವುದು ಬೇರೆ, ಪರೀಕ್ಷಿಸುವುದು ಬೇರೆ.

ಆದರೆ ಎಲ್ಲಾ ಕೂಡಿಡೋದೂ ವಿಶ್ವಾಸ ಅಲ್ಲ. ಲೂಕ 12ರಲ್ಲಿ ಒಬ್ಬ ಐಶ್ವರ್ಯವಂತ ದೊಡ್ಡ ಕಣಜ ಕಟ್ಟಲು ಹೊರಟ. ಅವನೂ ಮುಂದಾಲೋಚನೆ ಮಾಡಿದವನೇ! ದೇವರು ಅವನನ್ನು ಬುದ್ಧಿಹೀನ ಅಂದರು. ಕಣಜಕ್ಕೂ ನಾವೆಗೂ ಏನು ವ್ಯತ್ಯಾಸ? ಒಳಗೆ ಯಾರಿದ್ದಾರೆ ನೋಡಿ. ಕಣಜದ ಲೆಕ್ಕದಲ್ಲಿ ಅವನೊಬ್ಬನೇ. ನಾವೆಯಲ್ಲಿ ಹೆಂಡತಿ, ಮಕ್ಕಳು, ಸೊಸೆಯರು, ಮೃಗಪಕ್ಷಿಗಳು. "ನೋಹನೂ ತನ್ನ ಮನೆಯವರನ್ನಷ್ಟೇ ಕಾಪಾಡಿಕೊಂಡನಲ್ಲ?" ಅಂತೀರಾ? 2 ಪೇತ್ರ 2:5 ಓದಿ. ಅವನು ನೀತಿಯನ್ನು ಸಾರಿದವನು. ಗುಟ್ಟಾಗಿ ಕಟ್ಟಲಿಲ್ಲ. ನಮ್ಮಕ್ಕನ ಬ್ಯಾಗ್, ನನ್ನ ಪ್ರಾರ್ಥನೆ, ಎರಡೂ ಅವತ್ತು ಕಣಜಗಳೇ ಆಗಿದ್ದವು.

ಈ ವಾರ ಒಂದು ಬ್ಯಾಗ್ ಸಿದ್ಧ ಮಾಡಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಜೆರಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ. ಹಿರಿಯರ ಒಂದು ವಾರದ ಮಾತ್ರೆ, ಡಾಕ್ಟರ ಚೀಟಿ ಸಮೇತ. ಟಾರ್ಚ್, ಪವರ್ ಬ್ಯಾಂಕ್, ಕುಡಿಯುವ ನೀರು, ಅವಲಕ್ಕಿ, ಬೆಲ್ಲ, ಓಆರ್‌ಎಸ್, ಸ್ಯಾನಿಟರಿ ಪ್ಯಾಡ್, ಚಿಲ್ಲರೆ ನೋಟು. ಮೊಬೈಲ್ ಸತ್ತರೆ ನಂಬರೂ ಸಾಯುತ್ತೆ, ಅದಕ್ಕೇ ಕಾಗದದ ಮೇಲೆ ಬರೆಯಿರಿ: ತುರ್ತಿಗೆ 112, ಜಿಲ್ಲಾ ಕಂಟ್ರೋಲ್ ರೂಮಿಗೆ 1077.

ಅದೇ ಕಾಗದದ ಕೆಳಗೆ, ನಿಮ್ಮ ಮನೆಯವರಲ್ಲದ ಒಬ್ಬರ ಹೆಸರು ಬರೆಯಿರಿ. ಹೊರಡುವಾಗ ನೀವು ಬಾಗಿಲು ತಟ್ಟಬೇಕಾದವರು. ಎತ್ತರದಲ್ಲಿರುವವರೇ, ನಿಮಗೂ ಕೆಲಸ ಇದೆ: ಎರಡು ಚಾಪೆ, ಎರಡು ಹೊದಿಕೆ ಹೆಚ್ಚಿಗೆ ಇಡಿ. ಓಡಿ ಬರುವವರಿಗೆ ಬಂಡ್ರಿಯೂ ನಾವೆಯೇ.

ಕಂಪ್ಲಿಯ ಆ ಅಜ್ಜಿಯ ಹೆಸರು ಈಗ ನಮ್ಮಕ್ಕನ ಕಾಗದದಲ್ಲಿದೆ. ನಿಮ್ಮ ಕಾಗದದಲ್ಲಿ ಯಾರ ಹೆಸರು? ಪ್ರಾರ್ಥನೆಯಲ್ಲಿ ಕರ್ತನನ್ನೇ ಕೇಳೋಣ. ಆಮೆನ್.