ಚೀಟಿ ಒಂದೇ, ದಫ್ತರ ಎರಡು

"ಈಗಷ್ಟೇ ಲಾಗಿನ್ ಆಗೀನಲ್ರೀ, ಮತ್ತ ಯಾಕ ಪಾಸ್‌ವರ್ಡ್ ಕೇಳ್ತದ?" ಅಂತ ಬಳಕೆದಾರರು ಕೇಳಿದರೆ ನಮ್ಮ ವೃತ್ತಿಯಲ್ಲಿ ಸಿದ್ಧ ಉತ್ತರವೊಂದದ: "ಕುಕ್ಕಿ ಕ್ಲಿಯರ್ ಮಾಡಿ ನೋಡ್ರಿ." ತಪ್ಪು ಎಲ್ಲಿದೆ ಅಂತ ತಿಳಿಯೋ ಮೊದಲೇ ಕೆಲಸ ಅವರ ತಲೆಗೆ ಬಿತ್ತು. ಇದರೊಳಗ ಒಂದು ನೈತಿಕ ಪ್ರಶ್ನೆ ಅಡಗಿದೆ ಅಂತ ನನಗನ್ನಿಸ್ತದ. ಗುರುತು ಹಿಡಿಯೋ ಜವಾಬ್ದಾರಿ ಯಾರದು? ಚೀಟಿ ಹಿಡಿದು ಬಂದವರದೋ, ದಫ್ತರ ಇಟ್ಟುಕೊಂಡವರದೋ?

ವೆಬ್‌ಗೆ ಹುಟ್ಟಿನಿಂದ ನೆನಪಿಲ್ಲ. ಪ್ರತಿ ಸಲ ಪುಟ ಕೇಳಿದಾಗಲೂ ನೀವು ಅದಕ್ಕೆ ಹೊಸಬರೇ. ಇದಕ್ಕಾಗಿ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕ್ಕಿ ಕಂಡುಹಿಡಿದರು. ಸೆಷನ್ ಕುಕ್ಕಿಯೊಳಗ ಸಾಮಾನ್ಯವಾಗಿ ನಿಮ್ಮ ಹೆಸರೂ ಇರೋದಿಲ್ಲ, ಊರೂ ಇರೋದಿಲ್ಲ. ಬರೀ ಒಂದು ಟೋಕನ್ ನಂಬರ್. ನಿಜವಾದ ನೆನಪು ಇರೋದು ಸರ್ವರ್‌ನಲ್ಲಿ. ಪಿಎಚ್‌ಪಿ ಆದರೆ ಅದನ್ನ ತನ್ನದೇ ರೀತಿಯಲ್ಲಿ ಒಂದು ಫೈಲಿಗೆ ಬರೆದಿಡ್ತದ. ಎಎಸ್‌ಪಿ ಡಾಟ್ ನೆಟ್ ಬೇರೆ ಏನೂ ಹೇಳದಿದ್ದರೆ ತನ್ನ ಮೆಮೊರಿಯಲ್ಲೇ ಇಟ್ಟುಕೊಳ್ತದ.

ಈಗ ಹಳೇ ಪಿಎಚ್‌ಪಿ ಸೈಟಿನ ಪಕ್ಕದಾಗ ಹೊಸ ಪೈಥಾನ್ ಪೋರ್ಟಲ್ ಬಂತು ಅಂದ್ಕೊಳ್ಳಿ. ಅಲ್ಲಿ ಲಾಗಿನ್ ಆದವರು ಇಲ್ಲಿ ಅಪರಿಚಿತರು. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆಗೆದು ನೋಡಿದರೆ ಡೊಮೇನ್ ಸರಿ, ಪಾತ್ ಸರಿ, ಕುಕ್ಕಿ ನೆಟ್ಟಗೆ ಹೊಂಟದ. ಎರಡೂ ಕಡೆ ಕುಕ್ಕಿಗೆ ಒಂದೇ ಹೆಸರಿಟ್ಟರೆ ಸರಿಹೋದೀತು ಅಂತ ಕೆಲವರ ಲೆಕ್ಕ. ಆದರೆ ಆಗ ಒಂದರ ನಂಬರನ್ನ ಇನ್ನೊಂದು ಅಳಿಸಿ, ಎರಡೂ ಕಡೆ ಲಾಗಿನ್ ಹೋಗಬಹುದು. ಚೀಟಿಯಲ್ಲಿ ದೋಷವೇ ಇಲ್ಲ. ನಂಬರ್ ಬಂದು ಮುಟ್ಟಿದೆ. ಅದರ ಕಡತ ಈ ದಫ್ತರದಲ್ಲಿಲ್ಲ. ಇದ್ದರೂ ಓದೋಕೆ ಬಾರದ ಲಿಪಿಯಲ್ಲಿದೆ.

ಇದನ್ನ ತಿಳಿಯೋಕೆ ನಮ್ಮ ಕಡೆಯವರಿಗೆ ಕಂಪ್ಯೂಟರ್ ಬೇಕಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ 1948ರ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗಿದ್ದವು. ದಫ್ತರದ ಭಾಷೆ ಉರ್ದು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಬರ್ತಾ ಬರ್ತಾ ದಫ್ತರ ಕನ್ನಡಕ್ಕೆ ತಿರುಗಿತು. ಹೊಲ ಮಾತ್ರ ಇದ್ದಲ್ಲೇ ಇತ್ತು. ಆದರೆ ಟ್ರಂಕಿನೊಳಗಿನ ಹಳೇ ಕಾಗದ ಓದಿಸೋಕೆ ಉರ್ದು ಬಲ್ಲ ಹಿರಿಯರನ್ನ ಹುಡುಕಬೇಕಾಯ್ತು. ಬದಲಾದದ್ದು ಸರ್ಕಾರ, ಅದರ ಭಾಷೆ. ಅಲೆದಾಟ ಮಾತ್ರ ಏನೂ ಬದಲಿಸದ ರೈತನಿಗೆ.

ನನ್ನ ಉತ್ತರ ಇಷ್ಟೇ: ಅನುವಾದದ ಹೊಣೆ ದಫ್ತರ ಇಟ್ಟುಕೊಂಡವರದು. ಯಾಕಂದ್ರೆ ಭಾಷೆ ಆರಿಸಿದವರು ಅವರು, ಬದಲಿಸುವ ಅಧಿಕಾರ ಇದ್ದದ್ದೂ ಅವರಿಗೇ. ಚೀಟಿ ಹಿಡಿದವನಿಗೆ ಒಳಗ ಏನು ಬರೆದಿದೆ ಅಂತಲೂ ಕಾಣೋದಿಲ್ಲ. ಸಾಫ್ಟ್‌ವೇರ್‌ನಲ್ಲಿ ಇದು ಕಷ್ಟದ ಕೆಲಸವೂ ಅಲ್ಲ. ಸೆಷನ್ನನ್ನ ರೆಡಿಸ್‌ನಂಥ ಸಾಮಾನ್ಯ ಜಾಗದಲ್ಲಿ, ಎರಡೂ ಭಾಷೆಗೆ ಓದೋಕೆ ಬರೋ ಜೇಸನ್ ರೂಪದಲ್ಲಿ ಇಡಬಹುದು. ಇಲ್ಲವಾದರೆ ಪಿಎಚ್‌ಪಿ ಕಡೆಯಿಂದ ಒಂದೇ ಸಲ ಚಲಾವಣೆಯಾಗೋ, ಸಹಿ ಹಾಕಿದ ಟಿಕೆಟ್ ಕೊಡಿಸಿ, ಪೈಥಾನ್ ಅದನ್ನ ಪರೀಕ್ಷಿಸಿ ತನ್ನದೇ ಸೆಷನ್ ತೆರೀಬಹುದು. ರೇಷನ್ ಕಾರ್ಡ್ ವಿಷಯದಲ್ಲಿ ಸರ್ಕಾರವೂ ಇದೇ ದಾರಿ ಹಿಡೀತು. 2019ರಲ್ಲಿ ಶುರುವಾದ 'ಒಂದು ದೇಶ, ಒಂದು ರೇಷನ್ ಕಾರ್ಡ್' ಹೇಳೋದು, ಆಳಂದದ ಕಾರ್ಡನ್ನ ಪುಣೆಯ ಅಂಗಡಿ ಗುರುತಿಸಬೇಕು ಅಂತ. ಎಷ್ಟು ಚೆಂದ ನಡೀತದ ಅನ್ನೋದು ಬೇರೆ ಮಾತು. ಹೊಣೆ ಸರಿಯಾದ ಹೆಗಲಿಗೆ ಬಂದಿದೆ.

"ಹಂಗಂದ್ರೆ ಎಲ್ಲಾ ಮಾಹಿತಿ ಎಲ್ಲರಿಗೂ ಕೊಡೋದಾ?" ಅಂತ ನೀವು ಕೇಳಬಹುದು. ಇಲ್ಲ. ಒಂದು ಸೈಟಿನಿಂದ ಇನ್ನೊಂದಕ್ಕೆ ನಮ್ಮ ಬೆನ್ನು ಹತ್ತೋ ಜಾಹೀರಾತುಗಳಿಗೂ ಕುಕ್ಕಿಯೇ ಬಂಡವಾಳ. ಹೊಸ ಪೋರ್ಟಲ್‌ಗೆ ಬೇಕಾಗಿರೋದು ಎರಡೇ ಮಾತು: ಇವರು ಯಾರು, ಲಾಗಿನ್ ಇನ್ನೂ ಚಾಲ್ತಿಯಲ್ಲಿದೆಯಾ. ಉಳಿದದ್ದು ಹಳೇ ದಫ್ತರದಲ್ಲೇ ಇರಲಿ. ಸಮ್ಮತಿ ಕೊಟ್ಟ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿ ಬಳಸಬೇಕು ಅನ್ನೋದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಹೌದು. ಇನ್ನೊಂದು ಮಾತು: ನೆನಪನ್ನ ಹಂಚಿಕೊಂಡವರು ಮರೆವನ್ನೂ ಹಂಚಿಕೊಳ್ಳಬೇಕು. ಒಂದು ಕಡೆ ಲಾಗ್‌ಔಟ್ ಒತ್ತಿದವರು ಇನ್ನೊಂದು ಕಡೆ ಲಾಗಿನ್ ಆಗೇ ಉಳಿದರೆ, ಅವರು ಮುಚ್ಚಿದ ಬಾಗಿಲನ್ನ ನಾವು ತೆರೆದಿಟ್ಟಂಗೆ.

ಅದಕ್ಕೇ ಮುಂದಿನ ಸಲ ಇಂಥ ದೂರು ಬಂದಾಗ "ಕುಕ್ಕಿ ಕ್ಲಿಯರ್ ಮಾಡ್ರಿ" ಅನ್ನೋ ಮೊದಲು ನಮ್ಮನ್ನೇ ಮೂರು ಪ್ರಶ್ನೆ ಕೇಳ್ಕೊಳ್ಳೋಣ. ನಂಬರ್ ಬಂದು ಮುಟ್ಟಿದೆಯಾ? ಅದರ ಕಡತ ನಮ್ಮ ಕೈಗೆ ಸಿಗ್ತದಾ? ಸಿಕ್ಕರೆ ಓದೋಕೆ ಬರ್ತದಾ? ಮೊದಲನೇದಕ್ಕೆ ಹೌದು ಅಂತ ಉತ್ತರ ಬಂದಮೇಲೆ ಬಳಕೆದಾರರ ಪಾಲಿನ ಕೆಲಸ ಮುಗೀತು. ಉಳಿದೆರಡು ನಮ್ಮವು.