ಕಾಯುವುದರ ಬೆಲೆ ಯಾರು ಕೊಡುತ್ತಾರೆ?

ಇವತ್ತಿನ ವಾಕ್ಯಭಾಗ ಮಾರ್ಕ 7:31ರಿಂದ 37. ಬೈಬಲ್ ತೆರೆದಿಟ್ಟುಕೊಳ್ಳಿ, ಮೊಬೈಲ್‌ನಲ್ಲಿದ್ದರೂ ಪರವಾಗಿಲ್ಲ.

ನನ್ನ ಮಗ ನಿಮ್ಮಲ್ಲಿ ತುಂಬಾ ಜನರಿಗೆ ಗೊತ್ತು. ಅವನಿಗೆ ನಾಲ್ಕೂವರೆ ವರ್ಷ. ಹುಟ್ಟಿನಿಂದಲೇ ಕಿವಿ ಕೇಳಿಸಲ್ಲ. ಅದರ ಜೊತೆಗೆ ಬೆಳವಣಿಗೆಯೂ ನಿಧಾನ. ನಡೆಯೋಕೆ ಶುರು ಮಾಡಿದ್ದೇ ಎರಡೂವರೆ ವರ್ಷಕ್ಕೆ. ಕಾಕ್ಲಿಯರ್ ಇಂಪ್ಲಾಂಟ್ ಆಗಿದೆ, ಥೆರಪಿ ನಡೀತಿದೆ, ಮನೆಯಲ್ಲಿ ಸನ್ನೆ ಭಾಷೆಯನ್ನೂ ಬಳಸ್ತೀವಿ. ಇದನ್ನು ನೋಡಿ ಕೆಲವರು ಪ್ರೀತಿಯಿಂದಲೇ ಕೇಳ್ತಾರೆ: "ಅಕ್ಕಾ, ದೇವರು ಸ್ವಸ್ಥ ಮಾಡ್ತಾರೆ ಅಂತ ನಂಬಿದ ಮೇಲೆ ಇದೆಲ್ಲ ಯಾಕೆ? ಸೈನ್ ಕಲಿಸೋದು ಅಂದ್ರೆ ನಂಬಿಕೆ ಕೈಬಿಟ್ಟ ಹಾಗಲ್ವಾ?"

ಇದು ಸುಮ್ಮನೆ ತಳ್ಳಿಹಾಕೋ ಪ್ರಶ್ನೆ ಅಲ್ಲ. ದೇವರು ಇವತ್ತೂ ಸ್ವಸ್ಥ ಮಾಡ್ತಾರೆ ಅಂತ ನಂಬೋ ಸಭೆ ನಮ್ಮದು. ನಾನೂ ನಂಬ್ತೀನಿ. ದಿನಾ ರಾತ್ರಿ ಅವನ ಕಿವಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸ್ತೀನಿ. ಆದರೆ ಆ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಬೇಕು. ನಾನು ಕಾಯುವಾಗ ಅದರ ಬೆಲೆ ಕೊಡೋರು ಯಾರು?

ನೀವು ಕೆಲಸಕ್ಕಾಗಿ ಕಾಯ್ತೀರಿ, ಮದುವೆಗಾಗಿ ಕಾಯ್ತೀರಿ. ಕಷ್ಟ ಆಗುತ್ತೆ, ಆದರೆ ಅದು ನಿಮ್ಮ ಕಷ್ಟ. ನಿಮ್ಮ ನಂಬಿಕೆಯ ಬೆಲೆಯನ್ನು ನೀವೇ ಕೊಡ್ತೀರಿ. ತಾಯಿ ತಂದೆ ಕೈಕಟ್ಟಿ ಕಾದರೆ ಹಾಗಲ್ಲ. ಮಗುವಿನ ಮಿದುಳು ಭಾಷೆಯನ್ನು ಸುಲಭವಾಗಿ ಹೀರಿಕೊಳ್ಳೋದು ಮೊದಲ ಕೆಲವೇ ವರ್ಷಗಳಲ್ಲಿ. ಅದಕ್ಕೇ ವೈದ್ಯರು ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ನೆರವು ಶುರುವಾಗಬೇಕು ಅಂತಾರೆ. ಆ ವರ್ಷಗಳಲ್ಲಿ ಮಾತಾಗಲಿ ಸನ್ನೆಯಾಗಲಿ ಯಾವ ಭಾಷೆಯೂ ಸಿಗದಿದ್ದರೆ, ಹಸಿವನ್ನು ಹೇಳೋಕೆ, ನೋವನ್ನು ತೋರಿಸೋಕೆ, ಯೋಚಿಸಿದ್ದನ್ನು ತಿಳಿಸೋಕೆ ಆ ಮಗುವಿಗೆ ತುಂಬಾ ಕಷ್ಟ ಆಗುತ್ತೆ. ಬೆಳವಣಿಗೆ ನಿಧಾನವಾಗಿರೋ ಮಗುವಿಗೆ ಈ ನಷ್ಟ ಎರಡು ಪಟ್ಟು. ಇನ್ನೊಬ್ಬರ ಜೇಬಿನಿಂದ ಕಾಣಿಕೆ ತೆಗೆದು ಹಾಕಿ, ನಾನು ಕೊಟ್ಟೆ ಅಂತ ಹೇಳೋಕಾಗುತ್ತಾ? ಹಾಗೆಯೇ ಮಗುವಿನ ವರ್ಷಗಳನ್ನು ಖರ್ಚು ಮಾಡಿ ನನ್ನ ನಂಬಿಕೆ ದೊಡ್ಡದು ಅಂತ ಹೇಳೋಕೂ ಆಗಲ್ಲ.

ಈಗ ವಾಕ್ಯಕ್ಕೆ ಬನ್ನಿ. ಜನರು ಕಿವುಡನನ್ನು ಕರೆತಂದು, ಇವನ ಮೇಲೆ ಕೈಯಿಡು ಅಂತ ಯೇಸುವನ್ನು ಬೇಡಿಕೊಂಡರು. ಯೇಸು ಮೊದಲು ಮಾಡಿದ್ದೇನು? ಅವನನ್ನು ಗುಂಪಿನಿಂದ ಬೇರೆಯಾಗಿ ಕರೆದುಕೊಂಡು ಹೋದರು. ಆಮೇಲೆ ಅವನ ಕಿವಿಯಲ್ಲಿ ಬೆರಳಿಟ್ಟರು, ನಾಲಿಗೆ ಮುಟ್ಟಿದರು, ಆಕಾಶದ ಕಡೆ ನೋಡಿದರು, ನಿಟ್ಟುಸಿರು ಬಿಟ್ಟರು. "ಎಪ್ಫಥಾ" ಅನ್ನೋ ಮಾತು ಬಂದದ್ದು ಇಷ್ಟೆಲ್ಲ ಆದ ಮೇಲೆ. ಬೇರೆ ಕಡೆ ಒಂದೇ ಮಾತಿನಿಂದ ಸ್ವಸ್ಥ ಮಾಡಿದವರು ಇಲ್ಲಿ ಯಾಕೆ ಹೀಗೆ ಮಾಡಿದರು? ನನಗೆ ಕಾಣೋದು ಇದು: ಅವನಿಗೆ ಕೇಳಿಸ್ತಿರಲಿಲ್ಲ, ಆದರೆ ಕಾಣಿಸ್ತಿತ್ತು. ಏನಾಗ್ತಿದೆ ಅಂತ ಅವನಿಗೆ ಅರ್ಥ ಆಗೋ ರೀತಿಯಲ್ಲಿ ಯೇಸು ತಿಳಿಸಿದರು. ಸ್ವಸ್ಥತೆಗಿಂತ ಮುಂಚೆ ಅವನ ಭಾಷೆಗೆ ಇಳಿದರು. ಹಾಗಾದರೆ ಸನ್ನೆ ಮಾಡೋದು ಅಪನಂಬಿಕೆ ಅಂತ ನಾವು ಹೇಗೆ ಹೇಳೋಣ?

"ನಂಬಿಕೆ ಕೇಳುವುದರಿಂದ ಅಲ್ವಾ ಬರೋದು, ಕಿವಿ ಕೇಳಿಸದ ಮಗುವಿಗೆ ಹೇಗೆ ಬರುತ್ತೆ?" ಅಂತ ಒಬ್ಬ ತಂಗಿ ರೋಮಾಪುರ 10:17 ತೋರಿಸಿ ಕೇಳಿದಳು. ನಾನು ಅದೇ ಅಧ್ಯಾಯದ 14ನೇ ವಚನ ತೋರಿಸಿದೆ. ಅಲ್ಲಿ ಪೌಲನು ಭಾರವನ್ನು ಕೇಳುವವನ ಮೇಲೆ ಹಾಕಲ್ಲ, ಸಾರುವವನ ಮೇಲೆ ಹಾಕ್ತಾನೆ. ಸುದ್ದಿ ತಲುಪದಿದ್ದರೆ ತಲುಪಿಸಬೇಕಾದವರು ಹೋಗಿಲ್ಲ ಅಂತ ಅರ್ಥ. ನಡುವೆ ದೂರ ಇದ್ದರೆ, ನಡೆಯೋಕೆ ಶಕ್ತಿ ಇರೋನೇ ನಡೆದು ಹೋಗಬೇಕು. ನಾಲ್ಕೂವರೆ ವರ್ಷದ ಮಗು ಅಲ್ಲ.

ಇದು ಸುಲಭ ಅಂತ ನಾನು ಹೇಳಲ್ಲ. ಇಂಪ್ಲಾಂಟ್ ಹಾಕಿಸಿದ ಮಾರನೇ ದಿನ ಮಾತು ಬರಲ್ಲ. ಶಬ್ದಕ್ಕೆ ಅರ್ಥ ಕಲಿಸೋಕೆ ವರ್ಷಗಳು ಬೇಕು. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪುಟ್ಟ ಮಕ್ಕಳ ಜೊತೆ ತಾಯಂದಿರಿಗೂ ಕಲಿಸ್ತಾರೆ, ಯಾಕಂದ್ರೆ ನಿಜವಾದ ಕೆಲಸ ನಡೆಯೋದು ಮನೆಯಲ್ಲಿ. ನನ್ನ ಮಗ "ಇನ್ನೂ ಬೇಕು" ಅನ್ನೋ ಒಂದು ಸನ್ನೆ ಕಲಿಯೋಕೆ ಎಂಟು ತಿಂಗಳು ತಗೊಂಡ. "ಅಮ್ಮ" ಅನ್ನೋಕೆ ಅಂಗೈ ಪೂರ್ತಿ ಕೆನ್ನೆಗೆ ಒತ್ತಿಕೊಳ್ತಾನೆ. ನಿಘಂಟಿನಲ್ಲಿ ಅದು ಹಾಗಿಲ್ಲ. ಆದರೆ ನಮ್ಮ ಮನೆಯಲ್ಲಿ ಅದೇ ಅಮ್ಮ. ಅವನು ಇನ್ನೊಂದು ಪದ ಕಲಿತರೂ ಕಲಿಯದಿದ್ದರೂ ದೇವರ ಮುಂದೆ ಅವನ ಬೆಲೆ ಒಂದು ಪೈಸೆ ಹೆಚ್ಚಲ್ಲ, ಕಡಿಮೆಯೂ ಆಗಲ್ಲ. ವಿಮೋಚನಕಾಂಡ 4:11 ಓದಿ. ಕಿವುಡನನ್ನೂ ಉಂಟುಮಾಡಿದವನು ತಾನೇ ಅಂತ ಕರ್ತನು ಮೋಶೆಗೆ ಹೇಳಿದ್ದಾನೆ.

ಹಾಗಾದರೆ ನೀವು ಏನು ಮಾಡಬಹುದು? ಪ್ರಾರ್ಥನೆ ಬಿಡಬೇಡಿ. ಆದರೆ ಪ್ರತಿ ಭಾನುವಾರ "ಇನ್ನೂ ಮಾತು ಬಂದಿಲ್ವಾ?" ಅಂತ ಕೇಳಬೇಡಿ. ಹಿಂದಿನಿಂದ ಕರೆಯಬೇಡಿ, ಎದುರಿಗೆ ಬಂದು, ಅವನ ಎತ್ತರಕ್ಕೆ ಕೂತು, ನಿಮ್ಮ ಮುಖ ಕಾಣಿಸಿ. ವರ್ಶಿಪ್ ಟೀಮ್‌ನವರೇ, ಇಂಪ್ಲಾಂಟ್ ಹಾಕಿರೋರಿಗೆ ಗದ್ದಲದ ಮಧ್ಯೆ ಮಾತನ್ನು ಬೇರ್ಪಡಿಸೋದು ತುಂಬಾ ಕಷ್ಟ. ಡ್ರಮ್ಸ್ ಹತ್ತಿರದ ಸಾಲಿನಲ್ಲಿ ಅಂಥ ಮಗುವನ್ನು ಕೂರಿಸಬೇಡಿ. ಯೇಸು ಕೂಡ ಅವನನ್ನು ಗುಂಪಿನಿಂದ ದೂರ ಕರೆದುಕೊಂಡು ಹೋದದ್ದು ನೆನಪಿರಲಿ. ಸಂಡೇ ಸ್ಕೂಲ್ ಟೀಚರ್‌ಗಳೇ, ಹತ್ತು ಸನ್ನೆ ಕಲಿಯಿರಿ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರ ಹೊತ್ತಿಗೆ 10,000 ಪದಗಳ ನಿಘಂಟನ್ನು ಮಾಡಿದೆ. ವಿಡಿಯೋಗಳು ಫೋನ್‌ನಲ್ಲೇ ಸಿಗುತ್ತವೆ. ರೀಲ್ಸ್ ನೋಡೋ ಸಮಯದಲ್ಲಿ ಹತ್ತು ನಿಮಿಷ ಸಾಕು.

ಕರ್ತನು ನನ್ನ ಮಗನ ಕಿವಿ ನಾಳೆಯೇ ತೆರೆದರೆ ಎಲ್ಲರಿಗಿಂತ ಜೋರಾಗಿ ಸ್ತೋತ್ರ ಹೇಳೋಳು ನಾನೇ. ತೆರೆಯೋವರೆಗೂ ಅವನು ಒಂಟಿಯಾಗಿ ಕಾಯಬಾರದು. ಅವನನ್ನು ಮಾತಾಡಿಸೋ ಕೆಲಸವನ್ನು ಕರ್ತನು ನಮ್ಮ ಕೈಗೆ ಕೊಟ್ಟಿದ್ದಾರೆ. ಆ ಕೆಲಸಕ್ಕೆ ಕರ್ತನು ನಿಮ್ಮ ಕೈಗಳನ್ನು ಆಶೀರ್ವದಿಸಲಿ. ಆಮೆನ್.