ಕ್ಷಮೆಯ ಲೆಕ್ಕದಲ್ಲಿ ನೊಂದವರು

ಬದುಕಿಡೀ ದರೋಡೆ ಮಾಡಿಕೊಂಡು ಬಂದವನು ಸಾಯುವ ಗಳಿಗೆಯಲ್ಲಿ ಯೇಸುವನ್ನು ನಂಬಿದರೆ ಅವನ ಪಾಪವೆಲ್ಲ ಮನ್ನಾ ಆಗುತ್ತದೆಯೇ? ಹಾಗಾದರೆ ಅವನು ದೋಚಿದ ಮನೆಯವರ ಗತಿಯೇನು? ನಂಬಿಕೆಯಿಂದಲೇ ರಕ್ಷಣೆ ಎಂಬ ಕ್ರೈಸ್ತ ಬೋಧನೆಗೆ ಎದುರಾಗುವ ಆಕ್ಷೇಪಗಳಲ್ಲಿ ಇದಕ್ಕಿಂತ ಬಲವಾದದ್ದು ನನಗೆ ಕಂಡಿಲ್ಲ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಮಾತು ಕೇಳುತ್ತ ಬೆಳೆದವರಿಗಂತೂ ಆ ಬೋಧನೆ ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ. ಆದರೆ ಹೆಚ್ಚಿನವರು ಮೊದಲ ಪ್ರಶ್ನೆಗೇ ನಿಂತುಬಿಡುತ್ತಾರೆ. ನಿಜವಾಗಿ ಕಾಡಬೇಕಾದದ್ದು ಎರಡನೆಯದು.

ಲೂಕನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಯೇಸುವಿನ ಎಡಬಲದ ಶಿಲುಬೆಗಳಲ್ಲಿ ಇಬ್ಬರು ಅಪರಾಧಿಗಳಿದ್ದಾರೆ. ಒಬ್ಬ ಹಂಗಿಸುತ್ತಾನೆ. ಇನ್ನೊಬ್ಬ ತನ್ನನ್ನು ನೆನೆಯಬೇಕೆಂದು ಬೇಡುತ್ತಾನೆ. ಅಂದೇ ಪರದೈಸಿನಲ್ಲಿ ಜೊತೆಗಿರುವ ಭರವಸೆ ಅವನಿಗೆ ಸಿಗುತ್ತದೆ. ದೀಕ್ಷಾಸ್ನಾನವಿಲ್ಲ, ದಾನಧರ್ಮವಿಲ್ಲ, ತಿದ್ದಿಕೊಳ್ಳಲು ಹೊತ್ತೂ ಇಲ್ಲ. ಆದರೆ ಬೇಡುವ ಮೊದಲು ಅವನು ಇನ್ನೊಂದು ಮಾತು ಆಡಿದ್ದಾನೆ. ತಮಗಿಬ್ಬರಿಗೂ ಆಗಿರುವ ಶಿಕ್ಷೆ ನ್ಯಾಯವಾದದ್ದೇ ಎಂದು ಜೊತೆಗಾರನನ್ನು ಗದರಿಸಿದ್ದಾನೆ. ಈ ಭಾಗವನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಅವನು ತೀರ್ಪನ್ನು ಒಪ್ಪಿಕೊಂಡಿದ್ದ, ಅದರಿಂದ ನುಣುಚಿಕೊಳ್ಳಲು ನೋಡಲಿಲ್ಲ. ತಪ್ಪನ್ನು ತಪ್ಪು ಎನ್ನದೆ ಹೋದರೆ ಕ್ಷಮಿಸುವುದಕ್ಕೆ ಏನು ತಾನೇ ಉಳಿಯುತ್ತದೆ?

ಮುಂದೊಂದು ಕಾಲಕ್ಕೆ ಕ್ಷಮೆಯ ಹೆಸರಿನಲ್ಲಿ ವ್ಯಾಪಾರವೂ ನಡೆಯಿತು. ವಿಟ್ಟೆನ್‌ಬರ್ಗ್‌ನಲ್ಲಿ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ 1517ರಲ್ಲಿ 95 ವಾದಗಳನ್ನು ಮುಂದಿಟ್ಟಾಗ ಜರ್ಮನ್ ಸೀಮೆಯಲ್ಲಿ ಪಾಪವಿಮೋಚನಾ ಪತ್ರಗಳ ಮಾರಾಟ ಜೋರಾಗಿತ್ತು. ಯೋಹಾನ್ ಟೆಟ್ಸೆಲ್ ಎಂಬ ಸನ್ಯಾಸಿ ಅದರ ಮುಂದಾಳು. ಬಂದ ಹಣದಲ್ಲಿ ಒಂದು ಪಾಲು ರೋಮಿನ ಸಂತ ಪೇತ್ರರ ಬಸಿಲಿಕಾ ಕಟ್ಟುವುದಕ್ಕೆ, ಇನ್ನೊಂದು ಪಾಲು ಮೈನ್ಸ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ಮಾಡಿಕೊಂಡಿದ್ದ ಸಾಲಕ್ಕೆ. ಆ ಪತ್ರ ಶಿಕ್ಷೆಯಲ್ಲಿ ರಿಯಾಯಿತಿ ಕೊಡುತ್ತದೆಯೇ ಹೊರತು ಅಪರಾಧವನ್ನೇ ಅಳಿಸುವುದಿಲ್ಲ ಎಂದು ಚರ್ಚಿನ ಪಂಡಿತರು ಹೇಳುತ್ತಿದ್ದರು, ನಿಜ. ಆದರೆ ಕೊಳ್ಳುವ ಜನ ಅಷ್ಟು ಸೂಕ್ಷ್ಮ ನೋಡಲಿಲ್ಲ. ದೇವರ ಕೃಪೆ ಮಾರಾಟದ ಸರಕಲ್ಲ, ನಂಬಿಕೆಯಿಂದ ಪಡೆಯುವ ವರ ಎಂಬುದು ಬೈಬಲಿನಲ್ಲಿರುವ ಪೌಲನ ಪತ್ರಗಳಿಂದ ಲೂಥರ್ ಕಲಿತ ಪಾಠ. ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ಪುಣ್ಯವನ್ನು ದುಡ್ಡು ಕೊಟ್ಟು ಕೊಳ್ಳಬಹುದಾದ ಲೋಕದಲ್ಲಿ ಬಡವನಿಗೆ ಸ್ವರ್ಗವೂ ಇಲ್ಲ.

ಆ ವ್ಯಾಪಾರದಲ್ಲಿ ಇನ್ನೊಂದು ಅನ್ಯಾಯವೂ ಇತ್ತು. ಅದರ ಬಗ್ಗೆ ಮಾತು ಕಡಿಮೆ. ನೆರೆಯವನಿಗೆ ಮೋಸ ಮಾಡಿದವನು ಪತ್ರ ಕೊಂಡರೆ ಹಣ ರೋಮಿಗೂ ಆರ್ಚ್‌ಬಿಷಪ್ಪನ ಸಾಲಕ್ಕೂ ಹೋಗುತ್ತಿತ್ತು, ಮೋಸಹೋದವನ ಕೈಗೆ ಒಂದು ಕಾಸೂ ಬರುತ್ತಿರಲಿಲ್ಲ. ಇಂದು ‘ನನ್ನನ್ನು ದೇವರು ಕ್ಷಮಿಸಿದ್ದಾನೆ’ ಎಂದು ಹೇಳಿಕೊಂಡು, ತನ್ನಿಂದ ಹಾಳಾದವರ ಕಡೆ ತಿರುಗಿಯೂ ನೋಡದವನ ನಂಬಿಕೆ ಆ ಪತ್ರಕ್ಕಿಂತ ಯಾವುದರಲ್ಲಿ ಮೇಲು? ಬೆಲೆ ಕೊಟ್ಟಿಲ್ಲ ಎಂಬುದೊಂದೇ ವ್ಯತ್ಯಾಸ.

ಲೂಕನ ಸುವಾರ್ತೆಯಲ್ಲೇ ಬರುವ ಯೆರಿಕೋ ಊರಿನ ಜಕ್ಕಾಯನ ಕಥೆ ಇಲ್ಲಿ ದಾರಿ ತೋರಿಸುತ್ತದೆ. ಅವನು ಸುಂಕದವರ ಮುಖ್ಯಸ್ಥ, ಜನರನ್ನು ಸುಲಿದು ಹಣವಂತನಾದವನು. ಯೇಸು ಅವನಿಗೆ ಯಾವ ಷರತ್ತನ್ನೂ ಹಾಕದೆ ಅವನ ಮನೆಗೆ ಅತಿಥಿಯಾಗಿ ಹೋಗುತ್ತಾನೆ; ಊರವರು ಗೊಣಗುತ್ತಾರೆ. ಆಮೇಲೆ ಜಕ್ಕಾಯ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ಒಂದಕ್ಕೆ ನಾಲ್ಕರಂತೆ ವಾಪಸು ಎನ್ನುತ್ತಾನೆ. ಆ ಮನೆಗೆ ರಕ್ಷಣೆ ಬಂತು ಎಂದು ಯೇಸು ಹೇಳುವುದು ಇದಾದ ಮೇಲೆ. ಕೃಪೆ ಮೊದಲು ಬಂತು, ಆದ್ದರಿಂದ ವಾಪಸು ಕೊಟ್ಟದ್ದು ಅದರ ಬೆಲೆಯಲ್ಲ. ಆದರೆ ಆ ಕೃಪೆ ಸುಲಿಗೆಗೊಳಗಾದವರ ಮನೆ ಬಾಗಿಲಿಗೂ ಹೋಗಿ ಮುಟ್ಟಿತು. ಶಿಲುಬೆಯ ಮೇಲಿದ್ದವನು ಏನನ್ನೂ ವಾಪಸು ಕೊಡಲಿಲ್ಲವಲ್ಲ ಎಂದರೆ, ಅವನಿಗೆ ಕೊಡಲು ಸಾಧ್ಯವಿರಲಿಲ್ಲ. ಕೈಯಲ್ಲಿ ಆಗುವುದಿದ್ದೂ ಕೊಡದವನು ಅವನ ಹೆಸರು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಕಡೆಯ ತೀರ್ಪಿನ ಚಿತ್ರ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿದೆ. ಹಸಿದವನಿಗೆ, ಬಟ್ಟೆಯಿಲ್ಲದವನಿಗೆ, ಸೆರೆಯಲ್ಲಿರುವವನಿಗೆ ಮಾಡಿದ್ದನ್ನೆಲ್ಲ ನ್ಯಾಯಾಧೀಶನು ತನಗೇ ಮಾಡಿದ್ದೆಂದು ಎಣಿಸುತ್ತಾನೆ. ಅಂದರೆ ನ್ಯಾಯಪೀಠದಲ್ಲಿ ಕೂತವನು ನೊಂದವರ ಪಕ್ಷದವನು. ಅವರನ್ನು ಹೊರಗಿಟ್ಟು ಅವನೊಬ್ಬನ ಜೊತೆ ರಾಜಿ ಮಾಡಿಕೊಳ್ಳಲು ಬರುವುದಿಲ್ಲ. ಕೃಪೆಯಿಂದಲೇ ರಕ್ಷಣೆ, ಸತ್ಕ್ರಿಯೆ ಅದರ ಫಲ ಎಂಬಷ್ಟನ್ನು ಕಥೋಲಿಕರೂ ಲೂಥರನ್ನರೂ ಒಟ್ಟಾಗಿ ಒಪ್ಪಿ ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು, ಆಗ್ಸ್‌ಬರ್ಗ್‌ನಲ್ಲಿ. ಆ ಫಲದಲ್ಲಿ ನೊಂದವರ ಪಾಲೆಷ್ಟು ಎಂಬ ಮಾತು ಪ್ರತಿ ಸಭೆಯಲ್ಲೂ ಏಳಬೇಕು.

ನೊಂದವರೇ ಕ್ಷಮಿಸುವುದೂ ಉಂಟು. ಅದೇ 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ವಾಹನದೊಳಗೇ ಸುಟ್ಟುಹಾಕಿದ್ದರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು. ಶಿಕ್ಷೆಯ ವಿಚಾರವನ್ನು ಕಾನೂನಿಗೆ ಬಿಟ್ಟರು. ಎರಡನ್ನೂ ಒಂದೇ ಮನಸ್ಸು ಒಟ್ಟಿಗೆ ಮಾಡಬಲ್ಲದು. ಆದರೆ ಆ ಕ್ಷಮೆ ಅವರದಾಗಿತ್ತು. ಅದನ್ನು ಅವರಿಂದ ಕೇಳಿ ಪಡೆಯುವ ಹಕ್ಕು ಯಾರಿಗೂ ಇರಲಿಲ್ಲ.

ಆದ್ದರಿಂದ ಸಭೆಯ ಹಿರಿಯರಿಗೂ ಪಾದ್ರಿಗಳಿಗೂ ನನ್ನದೊಂದು ವಿನಂತಿ. ಗಂಡನಿಂದ ಪೆಟ್ಟು ತಿಂದವಳು, ಮೋಸಹೋದವನು, ಮಾನ ಕಳೆದುಕೊಂಡ ಮಗು ನಿಮ್ಮ ಬಳಿ ಬಂದಾಗ ‘ದೇವರೇ ಕ್ಷಮಿಸಿದ್ದಾನೆ, ನೀನೂ ಕ್ಷಮಿಸು’ ಎನ್ನಬೇಡಿ. ಮೊದಲು ಅವರ ಮಾತನ್ನು ಪೂರ್ತಿ ಕೇಳಿ. ಪೊಲೀಸರ ಬಳಿ ಹೋಗಬೇಕೆಂದರೆ ಜೊತೆಗೆ ಹೋಗಿ. ತಪ್ಪು ಮಾಡಿದವನಿಗಾಗಿ ಪ್ರಾರ್ಥಿಸಿ, ಆದರೆ ಅವನು ಮುರಿದದ್ದನ್ನು ಅವನ ಕೈಯಿಂದಲೇ ಕಟ್ಟಿಸಿ.